ಬಲಗಡೆಯ ಪುಟ

ಹುಬ್ಬಳ್ಳಿ ಬಸ್‌ಸ್ಟ್ಯಾಂಡು, ಬೆಳಗಿನ ಆರೂಕಾಲು. ಕಸಗುಡಿಸುವವಳ ಬರಿಗೆ ಹತ್ತಿರ ಬಂದಾಗ ಕಲ್ಲುಬೆಂಚಿನ ಮೇಲಿದ್ದ ಮುದುಕರು ಎರಡೂ ಕಾಲು ಎತ್ತಿ ಹಿಡಿದರು. ಅವಳು ದಾಟಿದ ಮೇಲೆ ಇಳಿಬಿಟ್ಟರು. ಏನೋ ಬಿಟ್ಟುಹೋಯಿತೆಂದು ಅವಳು ತಿರುಗಿ ಬಂದಳು. ಇವರು ಮತ್ತೆ ಎತ್ತಿದರು. ಬಿಳಿ ಪೈಜಾಮ, ಬಿಳಿ ಅಂಗಿ, ಮೇಲೊಂದು ಬೂದಿಬಣ್ಣದ ಸ್ವೆಟರು. ತೊಡೆಯ ಮೇಲೆ ರೆಗ್ಜಿನ್ ಚೀಲ. ಅದರ ಜಿಪ್ಪು ಕೆಟ್ಟು ವರ್ಷಗಳಾಗಿರಬೇಕು, ಎರಡು ಸೇಫ್ಟಿ ಪಿನ್ನುಗಳು ಆ ಕೆಲಸ ನೋಡಿಕೊಳ್ಳುತ್ತಿದ್ದವು.

"ಬಂದ್ಯಾ ಯವ್ವಾ? ಚಾ ಕುಡದಿಯೋ ಇಲ್ಲೋ?"

ಕುಡಿದಿರಲಿಲ್ಲ. ಕುಡಿದೆವು. ದುಡ್ಡು ಅವರೇ ಕೊಟ್ಟರು.

ಇವರು ನಿವೃತ್ತ ಸಭಾಪಾಲಕರು, ವಯಸ್ಸು 74. ನಮ್ಮ ಮನೆಗಳಲ್ಲಿ ಪಾದ್ರಿಯನ್ನು ಅಯ್ನೋರು ಎಂದೇ ಕರೆದು ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ. ಹೆಸರು ಹಾಕಕೂಡದೆಂಬ ಕರಾರಿನ ಮೇಲೆ ನನ್ನನ್ನು ಜೊತೆಗೆ ಕರೆದುಕೊಂಡವರು ಅವರು. "ಹೆಸರು ಬಂತಂದ್ರ ಭಾಷಣಕ್ಕ ಕರೀತಾರ. ಭಾಷಣಕ್ಕ ಹೋದ್ರ ಊರಿಗೆ ಹೋಗೂದು ತಪ್ಪತೈತಿ" ಎನ್ನುವುದು ಅವರ ವಾದ. ಜೀವಮಾನವಿಡೀ ಭಾನುವಾರ ಭಾನುವಾರ ನಿಂತು ಮಾತಾಡಿದವರು ಈಗ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೂರು ದಿನ ಊರೂರು ತಿರುಗುತ್ತಾರೆ, ಹೆಚ್ಚಾಗಿ ಕೂತು ಕೇಳಿಸಿಕೊಳ್ಳಲು. ಹೊಸಬರನ್ನು ಸಭೆಗೆ ಸೇರಿಸುವ ತಿರುಗಾಟವಲ್ಲ ಇದು. ಅಜ್ಜನ ಕಾಲದಿಂದ ಸಭೆಯ ಪಟ್ಟಿಯಲ್ಲಿ ಹೆಸರಿರುವ ಮನೆಗಳಿಗೇ ಹೋಗುತ್ತಾರೆ. ನೀರು ಕುಡಿದು, ಮಳೆ ಬೆಳೆ ಮಕ್ಕಳ ಮಾತಾಗಿ, ಎದ್ದು ಹೊರಡುವ ಹೊತ್ತಿಗೆ ಒಂದು ಪ್ರಶ್ನೆ ಕೇಳುತ್ತಾರೆ: "ದೇವರು ನಿನ್ನ ಎದಿಯೊಳಗ ಏನ್ ಇಟ್ಟಾನ? ಮಂದಿ ನಕ್ಕಾರು ಅಂತ ಯಾರ ಮುಂದೂ ಹೇಳಿಲ್ಲಲಾ, ಅದು."

ಉತ್ತರ ಕೂಡಲೇ ಬರುವುದಿಲ್ಲವಂತೆ. ಕೆಲವರು ಮೂರನೇ ಭೇಟಿಗೆ ಬಾಯಿಬಿಡುತ್ತಾರಂತೆ.

ಬಾಯಿಬಿಟ್ಟದ್ದು ಆ ಚೀಲದಲ್ಲಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಉದ್ದನೆಯ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕದಂಥದ್ದು. ತೆರೆದರೆ ಎಡಗಡೆಯ ಪುಟದಲ್ಲಿ ಅವರ ಗುಂಡು ಅಕ್ಷರ: ಊರು, ದಿನಾಂಕ, ಕೆಳಗೆ ಹೇಳಿದವರ ಮಾತು, ಹೇಳಿದ ಹಾಗೇ. ಬಲಗಡೆಯ ಪುಟ ಖಾಲಿ.

"ಈ ಕಡೆ ಯಾಕ್ರಿ ಬಿಟ್ಟೀರಿ?"

"ಅದು ಎರಡನೇ ಸಲ ಹೋದಾಗಿಂದು."

ಗದಗಿನ ಬಸ್ಸು ಬಂತು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಶೂನ್ಯದ ಚೀಟಿ ಹರಿದುಕೊಟ್ಟ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಅಯ್ನೋರು ಅಂಗಿಯ ಒಳಜೇಬಿಗೆ ಕೈಹಾಕಿ ಪಿಂಚಣಿಯ ನೋಟು ತೆಗೆಯುತ್ತ, "ನಮ್ಮ ಬೈಬಲ್ ಹೆಂಗಸರು ಈಗ ಇದ್ದಿದ್ರ ಕರ್ನಾಟಕ ಪೂರಾ ತಿರಗತಿದ್ರು" ಎಂದು ನಕ್ಕರು. ಬೈಬಲ್ ಹೆಂಗಸರೆಂದರೆ ಒಂದು ಕಾಲದಲ್ಲಿ ಮನೆಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಹೆಂಗಸರ ಜೊತೆ ಕೂತು ಓದಿ ಹೇಳುತ್ತಿದ್ದವರು. ಸಭೆಯ ಇತಿಹಾಸ ಬರೆದವರು ಅವರಿಗೆ ಕೊಟ್ಟ ಜಾಗ ಬಹಳ ಕಡಿಮೆ.

ಹುಬ್ಬಳ್ಳಿ ಹಿಂದೆ ಬಿದ್ದ ಮೇಲೆ ಎರೆಹೊಲ. ಫೆಬ್ರವರಿ ಮೊದಲ ವಾರ. ಬಿಳಿಜೋಳ ತೆನೆ ಬಾಗಿಸಿ ನಿಂತಿತ್ತು, ಬದುವಿನುದ್ದಕ್ಕೆ ಕುಸುಬೆಯ ಅಕ್ಕಡಿ ಸಾಲು, ಕಡಲೆ ಕಿತ್ತ ಹೊಲಗಳಲ್ಲಿ ಅಲ್ಲಲ್ಲಿ ಗುಡ್ಡೆ. ಊರು ಬಿಡುವ ಮುಂಚೆ ಒಂದು ಕಾಂಪೌಂಡಿನ ಮೇಲೆ ಪೋಸ್ಟರು ಕಂಡಿತ್ತು: ಸೂಟು ತೊಟ್ಟು ಮೈಕು ಹಿಡಿದ ಬೋಧಕ, ಹಿಂದೆ ಬೆಂಕಿಯ ಚಿತ್ರ, ನಿಮ್ಮ ಕನಸು ಈ ವರ್ಷವೇ ನನಸು ಎಂಬ ಭರವಸೆ. ನನಗೆ ಈ ಮಾತಿನ ಬಗ್ಗೆ ಮೊದಲಿನಿಂದಲೂ ಕಸಿವಿಸಿ. ದೇವರು ಕೊಟ್ಟ ಕನಸು ಎನ್ನುವುದು ಕೆಲವು ಬಾಯಲ್ಲಿ ಕಾರು, ಬಂಗಲೆ, ವೀಸಾ ಎಂದಾಗಿಬಿಟ್ಟಿದೆ. ಅದನ್ನೇ ಕೇಳಿದೆ.

ಅಯ್ನೋರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಯೋಸೇಫಗ ಎರಡ ಕನಸು ಬಿದ್ದೂವು. ಅಣ್ಣಂದ್ರ ಸಿವುಡು ಇವನ ಸಿವುಡಿಗೆ ಅಡ್ಡಬಿದ್ದಂಗ, ಸೂರ್ಯ ಚಂದ್ರ ಹನ್ನೊಂದ ಚಿಕ್ಕಿ ಕೈಮುಗದಂಗ. ಹುಡುಗ ಓಡಿಬಂದು ಎಲ್ಲಾರ ಮುಂದ ಹೇಳಿದ. ಏನಾತು? ಇಪ್ಪತ್ತ ಬೆಳ್ಳಿ ನಾಣ್ಯಕ್ಕ ಮಾರಿದ್ರು. ಕಡೀಕ ಆ ಕನಸು ಯಾರ ಹೊಟ್ಟಿ ತುಂಬಿಸ್ತು? ಬರಗಾಲದಾಗ ಅದ ಅಣ್ಣಂದ್ರ ಹೊಟ್ಟಿ. ಇನ್ನೊಬ್ಬರ ಪಾಲು ಇಲ್ಲದ ಕನಸು ನಾ ಬರಕೊಳ್ಳೂದಿಲ್ಲ ಯವ್ವಾ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಯ್ನೋರು ದನಿ ಇಳಿಸಿದರು.

ಅಣ್ಣಿಗೇರಿಯಲ್ಲಿ ಬಸ್ಸು ನಿಂತಾಗ ಮಿರ್ಚಿಯ ವಾಸನೆ ಒಳಗೆ ನುಗ್ಗಿತು. ಕಾಗದದ ಪೊಟ್ಟಣ ಬಿಚ್ಚುತ್ತ ಅವರು ಬಾರ್ನಬನ ಕಥೆ ಶುರುಮಾಡಿದರು. ಸಂಡೇ ಸ್ಕೂಲಿನಲ್ಲಿ ಕೇಳಿ ಮರೆತ ಕಥೆ. ಕುಪ್ರ ದ್ವೀಪದ ಲೇವಿಯವನು, ನಿಜವಾದ ಹೆಸರು ಯೋಸೇಫ. ಕುಗ್ಗಿದವರಿಗೆ ಧೈರ್ಯ ಕೊಡುವವನೆಂದು ಅಪೊಸ್ತಲರೇ ಬಾರ್ನಬ ಎಂಬ ಹೆಸರಿಟ್ಟರು. ಮುಂದೆ ಪೌಲನೆನಿಸಿದ ಸೌಲನನ್ನು ಕಂಡರೆ ಯೆರೂಸಲೇಮಿನ ಶಿಷ್ಯರು ಹೆದರಿ ದೂರ ಸರಿಯುತ್ತಿದ್ದಾಗ ಕೈಹಿಡಿದು ಒಳಗೆ ಕರೆತಂದವನು ಇವನು. ಆಮೇಲೆ ತಾರ್ಸದಲ್ಲಿದ್ದ ಅವನನ್ನು ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದ. ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದೇ ಆ ಊರಲ್ಲಿ.

"ಪೌಲ ಪತ್ರ ಬರದ. ಬಾರ್ನಬಂದು ನಮ್ಮ ಬೈಬಲಿನಾಗ ಒಂದ ಪತ್ರಾನೂ ಇಲ್ಲ. ಹುಡಿಕ್ಕೊಂಡು ಹೋದ, ಅಷ್ಟ." ಮಿರ್ಚಿಯ ತೊಟ್ಟು ಕಿಟಕಿಯಿಂದಾಚೆ ಎಸೆದು, ಬಹಳ ಹೊತ್ತು ಸುಮ್ಮನಿದ್ದು, "ಮಾರ್ಕ ಅಂತ ಹುಡುಗ ಮೊದಲ್ನೇ ಸಲ ಅರ್ಧಾ ದಾರ್‍ಯಾಗ ಬಿಟ್ಟು ಮನಿಗೆ ಬಂದಿದ್ದ. ಎರಡನೇ ಸಲ ಅವನ್ನ ಕರಕೊಂಡು ಹೋಗೂದ ಬ್ಯಾಡ ಅಂದ ಪೌಲ. ಬಾರ್ನಬ ಪೌಲನ್ನ ಬಿಟ್ಟ, ಹುಡುಗನ್ನ ಬಿಡಲಿಲ್ಲ" ಎಂದರು. ಆ ಮಾತು ಹೇಳುವಾಗ ಅವರ ಬೆರಳು ಚೀಲದ ಪಿನ್ನಿನ ಮೇಲೆ ಆಡುತ್ತಿತ್ತು. ಯಾಕೆಂದು ಮೂರನೆಯ ದಿನ ಗೊತ್ತಾಯಿತು.

ಈ ರಸ್ತೆ ನಮ್ಮವರಿಗೆ ಹಳೆಯದು. ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೇಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದರು. ಮೂರೇ ವರ್ಷಕ್ಕೆ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಕುದುರೆ, ಚಕ್ಕಡಿ, ಇಲ್ಲವೇ ಕಾಲು. ಅವರ ಉದ್ದೇಶ ಏನಿತ್ತೆಂಬುದು ಎಲ್ಲರಿಗೂ ಗೊತ್ತಿರುವುದೇ. ಅದರ ಬಗ್ಗೆ ಜಗಳವೂ ಆಗಿದೆ, ಆಗಬೇಕಾದ್ದೇ. ನನಗೆ ಸೋಜಿಗವೆನಿಸುವುದು ಉದ್ದೇಶದ ಅಂಚಿನಲ್ಲಿ ಹುಟ್ಟಿಕೊಂಡ ಹುಚ್ಚುಗಳು. 1853ರಲ್ಲಿ ಬಂದ ಕಿಟೆಲ್ಲರನ್ನು ಸುವಾರ್ತೆ ಸಾರಲು ಕಳಿಸಿದ್ದರು. ಅವರು ಕೇಶಿರಾಜನ ಜೊತೆ ಕೂತುಬಿಟ್ಟರು. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ಆ ನಿಘಂಟು. ಯಾವ ವರದಿಯ ಯಾವ ಕಾಲಮ್ಮಿನಲ್ಲಿ ಇದನ್ನೆಲ್ಲ ತುಂಬಿಸಿದರೋ!

ಬೆಟಗೇರಿಯಲ್ಲಿ ಇಳಿದಾಗ ಒಂಬತ್ತಾಗಿತ್ತು. ಓಣಿಯೊಳಗೆ ಕಾಲಿಟ್ಟರೆ ಮಗ್ಗದ ಸದ್ದು. ಮೊದಲಿನಷ್ಟು ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಿವಿಗೆ ಅಷ್ಟೇ ಸಾಕಾಯಿತು. ಒಂದು ಮನೆಯ ಹೊಸ್ತಿಲಾಚೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟ ಹೆಂಗಸು ಲಾಳಿ ಎಸೆಯುತ್ತಲೇ ಅಯ್ನೋರಿಗೆ ತಲೆಬಾಗಿಸಿದಳು. ಅವರು ನಿಂತು, "ಮೊಳಕಾಲ ನೋವು?" ಎಂದರು. "ಐತ್ರಿ" ಎಂದಳು. ಲಾಳಿ ನಿಲ್ಲಲಿಲ್ಲ.

ನಾವು ಹೋಗಬೇಕಾಗಿದ್ದ ಮನೆ ಆ ಸಾಲಿನ ಕೊನೆಯದು. ಮಂಗಳೂರು ಹೆಂಚಿನ ಮಾಡು. ಪಡಸಾಲೆಯ ಮೂಲೆಯಲ್ಲಿ ಒಡೆದ ಹೆಂಚೊಂದನ್ನು ಗೋಡೆಗೆ ಒರಗಿಸಿಟ್ಟಿದ್ದರು. ತಿರುವಿ ನೋಡಿದೆ. ಬಾಸೆಲ್ ಮಿಷನ್ ಕಾರ್ಖಾನೆಯ ಮುದ್ರೆ, ಪಕ್ಕದಲ್ಲಿ 1865. ಅದು ಈ ಹೆಂಚು ಸುಟ್ಟ ವರ್ಷವಲ್ಲ, ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಡುವುದನ್ನು ಅಲ್ಲಿ ಮೊದಲು ಮಾಡಿದ ಪ್ಲೆಬ್‌ಸ್ಟ್ ಕೂಡ ಮಿಷನ್ನಿನವನೇ.

ಮಗ 26 ವರ್ಷದವನು, ಹಗಲು ಬೈಕ್ ಗ್ಯಾರೇಜಿನಲ್ಲಿ ಕೆಲಸ. ನಮಗಾಗಿ ಅರ್ಧ ದಿನ ರಜೆ ಹಾಕಿದ್ದ. ಅಯ್ನೋರು ರಿಜಿಸ್ಟರು ತೆಗೆದು ಅವನ ಪುಟ ಹುಡುಕಿದರು. ಎರಡು ವರ್ಷದ ಹಿಂದಿನ ದಿನಾಂಕ. "ಪೇಟಿ ಮಾಡಬೇಕು. ರಿಪೇರಿ ಅಲ್ಲ, ಮಾಡಬೇಕು."

ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಹಳ್ಳಿಯ ಸಭೆಗಳ ಆರಾಧನೆ ನಡೆಯುವುದೇ ಅದರ ಮೇಲೆ. ಯುರೋಪಿನಿಂದ ಬಂದು ನಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವಾದ್ಯ. ಗಮಕ ಬರುವುದಿಲ್ಲವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಭಜನೆಯವರು, ನಾಟಕದವರು, ನಾವು ಮಾತ್ರ ಬಿಟ್ಟಿರಲಿಲ್ಲ. ಅದರಲ್ಲೂ ಗದಗು ಅಂದರೆ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳ ಊರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ನೆರೆಯವರೊಬ್ಬರ ಪಕ್ಕ ಕೂತು ಈ ಹುಡುಗ ಬೆರಳಾಡಿಸುವುದು ಕಲಿತನಂತೆ. ಅವರು ನುಡಿಸುವಾಗ ಇವನ ಕಣ್ಣು ಮಾತ್ರ ಪೇಟಿಯ ಹಿಂದಿನ ತಿದಿಯ ಮೇಲೆ.

ಹಾಸಿದ ಗೋಣಿತಾಟಿನ ಮೇಲೆ ಹಿತ್ತಾಳೆಯ ರೀಡುಗಳು ಸಾಲಾಗಿದ್ದವು, ಒಂದಕ್ಕಿಂತ ಒಂದು ಗಿಡ್ಡ. ಅವನು ಒಂದನ್ನು ಎತ್ತಿ, ನಾಲಗೆಯಂಥ ಸಣ್ಣ ಪಟ್ಟಿಯ ಕೆಳಗೆ ಬ್ಲೇಡು ತೂರಿಸಿ, ತುದಿಯ ಮೇಲೆ ಅರದಿಂದ ಎರಡೇ ಎರಡು ಸಲ ಉಜ್ಜಿದ. ಬಾಯಿಗಿಟ್ಟು ಊದಿದ. "ತುದಿ ತಿಕ್ಕಿದ್ರ ಸ್ವರ ಏರತೈತ್ರಿ. ಬುಡಕ್ಕ ತಿಕ್ಕಿದ್ರ ಇಳೀತೈತಿ. ಹೆಚ್ಚು ತಿಕ್ಕಿದ್ನೋ, ಮುಗೀತು." ಕೈಯಲ್ಲಿ ಗ್ರೀಸಿನ ಕಪ್ಪು, ಅರ ಹಿಡಿದ ಬಗೆ ಮಾತ್ರ ಅಕ್ಕಸಾಲಿಗನದು.

ಒಳಗಿನಿಂದ ಪೇಟಿ ತಂದಿಟ್ಟ. ತಾನೇ ಮಾಡಿದ್ದು. ಮೇಲಿನ ಹಲಗೆ ಯಾವುದೋ ಹಳೇ ಮಂಚದ್ದು, ಕೆತ್ತಿದ ಹೂವಿನ ಅರ್ಧ ಇನ್ನೂ ಉಳಿದಿತ್ತು. ಅಯ್ನೋರು ಕನ್ನಡಕ ಏರಿಸಿಕೊಂಡು ತಿದಿ ಒತ್ತಿದರು. ಮೊದಲು ಉಬ್ಬಸದಂಥ ಸದ್ದು, ಆಮೇಲೆ ಸ್ವರ. ಒಂದು ಕೀರ್ತನೆಯ ಮೊದಲ ಸಾಲು ಮುಗಿಯುವ ಮುಂಚೆ ಗಾಳಿ ಮುಗಿಯಿತು. ಮತ್ತೆ ಒತ್ತಿದರು, ಮತ್ತೆ ಮುಗಿಯಿತು. ಹುಡುಗ ಅವರ ಮುಖವನ್ನೇ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ತಾಯಿಯೂ.

ಒಳ್ಳೆಯ ಮಾತು ಬರುತ್ತದೆಂದು ನಾನು ಕಾದೆ.

"ಗಾಳಿ ಹೊಂಟೈತಿ" ಎಂದರು ಅಯ್ನೋರು.

"ಹೌದ್ರಿ."

"ಎಲ್ಲಿಂದ?"

"ಅದ ಸಿಗವಲ್ದು. ಚರ್ಮಾನ ಎರಡ ಸಲ ಬದಲಿ ಮಾಡೀನಿ."

ಇಬ್ಬರೂ ಪೇಟಿಯನ್ನು ಬೋರಲು ಹಾಕಿದರು. ಉದುಬತ್ತಿ ಹಚ್ಚಿ, ಕೂಡಿಸಿದ ಸಂದುಗಳ ಮೇಲೆಲ್ಲ ಹೊಗೆ ಆಡಿಸುತ್ತ ಹೋದರು. ಮುಕ್ಕಾಲು ತಾಸು. ಎಡಮೂಲೆಯಲ್ಲಿ ಹೊಗೆ ಒಮ್ಮೆ ನಡುಗಿ ಅಡ್ಡಲಾಗಿ ಓಡಿತು. ಹುಡುಗ "ಸಿಕ್ತು!" ಎಂದು ಅರಚಿದ ರಭಸಕ್ಕೆ ಮುಂದಿನ ಮನೆಯ ಲಾಳಿ ಒಂದು ಗಳಿಗೆ ನಿಂತಿತು.

ಚಹಾ ಕೊಡುವಾಗ ತಾಯಿ ತನ್ನ ಪಾಲಿನದನ್ನು ಹೇಳಿಕೊಂಡಳು. "ನೀವ್ ಬಂದು ಹುರುಪು ತುಂಬಿ ಹೋಗ್ತೀರಿ ಅಯ್ನೋರ. ಇವ ರಾತ್ರಿ ಹನ್ನೆರಡರ ತನಕಾ ಅರ ತಿಕ್ಕತಾನ. ವಯಸ್ಸು ಹೊಂಟೈತಿ, ಕನ್ಯಾ ನೋಡಾಕ ಹೋದ್ರ ಹುಡುಗ ಏನ್ ಮಾಡ್ತಾನಂತಾರ. ಏನ್ ಹೇಳ್ಲಿ?" ಅಯ್ನೋರು ಬಸಿಯಲ್ಲಿದ್ದ ಚಹಾ ಮುಗಿಸಿ, "ಗ್ಯಾರೇಜ್ ಕೆಲಸಾ ಬಿಡಬ್ಯಾಡ ಅಂತ ಬರಸೀನಲ್ಲ ಯವ್ವಾ" ಎಂದು ಎಡಪುಟದ ಕೆಳಸಾಲು ತೋರಿಸಿದರು. ಪೌಲನೂ ಡೇರೆ ಹೊಲಿದೇ ಊಟ ಮಾಡುತ್ತಿದ್ದನೆಂದು ಸೇರಿಸಿದರು. ತಾಯಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅದು ನ್ಯಾಯವೇ ಅನ್ನಿಸಿತು ನನಗೆ. ಪೌಲನಿಗೆ ಕನ್ಯೆ ನೋಡುವ ತಾಪತ್ರಯ ಇರಲಿಲ್ಲ.

ಬಲಪುಟದಲ್ಲಿ ಬರೆದದ್ದು ಇಷ್ಟು: "ಒಂದು ಪೇಟಿ ಆಗಿದೆ. ಎಡಮೂಲೆ ಸೋರುತ್ತದೆ. ಏಪ್ರಿಲ್."

ಮಾರನೆಯ ದಿನ ಮುಂಡರಗಿಯ ಬಸ್ಸು. ಡಂಬಳ ದಾಟಿ ಮೂರು ಮೈಲಿ ಹೋದ ಮೇಲೆ ಒಂದು ಅಡ್ಡರಸ್ತೆಯ ಬಾಯಲ್ಲಿ ಇಳಿದು ನಡೆದೆವು. ದೂರದಲ್ಲಿ ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಹೊಲವೊಂದರಲ್ಲಿ ಸೀತನಿ ಸುಡುತ್ತಿದ್ದರು. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿದ ಬಿಸಿ ಕಾಳು, ಮೇಲೆ ಶೇಂಗಾ ಚಟ್ನಿ. ಕರೆದು ಕೈತುಂಬ ಕೊಟ್ಟರು. ಯಾವ ಊರು, ಯಾರ ಮನೆ ಎಂದು ಕೇಳಿ, "ಓದು ಕಲಿಯೋ ಆಯಿ ಮನೀಗೇನು?" ಎಂದು ನಕ್ಕರು. ಊರಿಗೆಲ್ಲ ಗೊತ್ತಿದೆ ಹಾಗಾದರೆ.

ಆಯಿಗೆ 63. ಹುಟ್ಟಿದಾಗಿನಿಂದ ಕೂಲಿ, ಈಗ ಬೆನ್ನು ಬಗ್ಗಿ ಕಳೆ ತೆಗೆಯಲಾಗದು. ಹಿಂದಿನ ವರ್ಷ ಎಡಪುಟಕ್ಕೆ ಅವಳು ಹೇಳಿದ್ದು ಒಂದೇ ಸಾಲು: "ನಂದ ಬಾಯಾಗ ನಾನ ಓದಬೇಕು, ಇನ್ನೊಬ್ಬರದ ಬ್ಯಾಡ." ಅಯ್ನೋರು ಅವತ್ತು ಒಂದು ಪಾಟಿ ತಂದುಕೊಟ್ಟು ಹೋಗಿದ್ದರು. ಕಲಿಸುತ್ತಿರುವುದು ಐದನೇ ಇಯತ್ತೆಯ ಮೊಮ್ಮಗಳು. ಹೊಡೆಯುತ್ತಾಳೆ ಕೂಡ, ಎಂದು ಆಯಿ ದೂರಿದಳು.

ಗೋಡೆಯ ಗೂಡಿನಿಂದ ದೊಡ್ಡ ಅಕ್ಷರದ ಬೈಬಲ್ ಇಳಿಯಿತು. ಕನ್ನಡದಲ್ಲಿ ಪೂರ್ತಿ ಬೈಬಲ್ ಮೊದಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದುಡಿಮೆ. ಇನ್ನೂರು ವರ್ಷ ಹತ್ತಿರವಾಗುತ್ತ ಬಂತು. ಈ ಮನೆಯ ಈ ಹೆಂಗಸಿನ ತನಕ ಅದು ಕಿವಿಯ ಮೂಲಕವೇ ಬಂದಿದೆ.

ಆಯಿ ಸೆರಗಿನಿಂದ ಬೆರಳು ಒರೆಸಿಕೊಂಡಳು. ಸೀಳು ಬಿದ್ದ ತೋರುಬೆರಳು, ಉಗುರಿನಲ್ಲಿ ಎರೆಮಣ್ಣು. ಬೆರಳು ಒಂದೊಂದೇ ಅಕ್ಷರದ ಕೆಳಗೆ ಇರುವೆಯ ಹಾಗೆ ನಡೆಯಿತು. ಬಿಡಿ ಅಕ್ಷರಗಳಲ್ಲಿ ದಾರಿ ಸಲೀಸು. ದೀರ್ಘ ಬಂದಲ್ಲಿ ತಲೆಯೂ ಹಿಂದಕ್ಕೆ ಎಳೆಯುತ್ತಿತ್ತು. ಒತ್ತಕ್ಷರ ಬಂದರೆ ನಿಲುಗಡೆ. ಸಾಲಿನ ನಡುವೆ ಒಂದು ಕಡೆ ಬೆರಳು ನಿಂತದ್ದು ನಿಂತೇ ಬಿಟ್ಟಿತು. "ಕ... ಕಿ... ರ..." ಹಿಂದಕ್ಕೆ ಹೋಗಿ ಮತ್ತೆ ಬಂದಳು. "ಕಿರ... ಸ... ತ..." ಹಣೆಯ ಮೇಲೆ ಬೆವರು. ಮೊಮ್ಮಗಳು ಬಾಯಿ ತೆರೆದಳು. ಅಯ್ನೋರು ಕಣ್ಣಲ್ಲೇ ತಡೆದರು.

ನಾನು ಬಗ್ಗಿ ನೋಡಿದೆ. ಕ್ರಿಸ್ತ.

ಆ ಹೆಸರನ್ನು ಆಯಿ ದಿನಕ್ಕೆ ಎಷ್ಟು ಸಲ ಅನ್ನುತ್ತಾಳೋ. ಕಾಲು ಎಡವಿದರೆ, ಮಗು ಅತ್ತರೆ, ಗುಡುಗಿದರೆ. ಬಾಯಿಗೆ ಅಷ್ಟು ಸಲೀಸಾದದ್ದು ಹಾಳೆಯ ಮೇಲೆ ಎರಡು ಒತ್ತು ಹೊತ್ತುಕೊಂಡು ಗುರುತು ಸಿಗದೆ ಕೂತಿತ್ತು. ಎಷ್ಟು ಹೊತ್ತಾಯಿತೋ, ಹೊರಗೆ ಹುಂಜ ಎರಡು ಸಲ ಕೂಗಿತು. ಇದ್ದಕ್ಕಿದ್ದಂತೆ ಬೆರಳು ಹಾಳೆ ಬಿಟ್ಟು ಮೇಲೆದ್ದಿತು.

"ಯವ್ವಾ! ಇದು ನಮ್ಮಪ್ಪಂದ ಐತಲ್ಲ!"

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಆಯಿಗೆ ಸಿಟ್ಟು ಬಂತು. "ಇಷ್ಟ್ ತೊಡಕ ಯಾಕ ಬರೀಬೇಕಾಗಿತ್ತು?" ಎಂದು ಅಯ್ನೋರನ್ನೇ ತರಾಟೆಗೆ ತೆಗೆದುಕೊಂಡಳು. ಅವರು ಕೈಮುಗಿದು ತಪ್ಪೊಪ್ಪಿಕೊಂಡರು.

ಬಲಪುಟ ಬರೆಯುವ ಹೊತ್ತಿಗೆ ಆಯಿ ಪೆನ್ನು ಕಸಿದುಕೊಂಡಳು. ತಾನೇ ಬರೆದಳು, ಒಂದೇ ಪದ, ರ ಒತ್ತು ಬಿಟ್ಟುಹೋಗಿತ್ತು. ಮೊಮ್ಮಗಳು ತಿದ್ದಲು ಬಂದಳು. ಅಯ್ನೋರು ರಿಜಿಸ್ಟರು ಮುಚ್ಚಿಬಿಟ್ಟರು.

ಆ ರಾತ್ರಿ ಮುಂಡರಗಿಯಲ್ಲಿ ಪರಿಚಿತರ ಮನೆ. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಟ್ಟಿದ್ದರು. ನಾಳೆ ಹೂವಿನಹಡಗಲಿ ಎಂದಾಗ ಮಾತು ಉತ್ತಂಗಿ ಚನ್ನಪ್ಪನವರ ಕಡೆ ಹೊರಳಿತು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಸಭಾಪಾಲಕರು, ಹಡಗಲಿಯಲ್ಲೂ ಕೆಲಸ ಮಾಡಿದವರು. ಉಪದೇಶದ ಬದುಕಿನ ನಡುವೆ ಸರ್ವಜ್ಞನ ತ್ರಿಪದಿಗಳನ್ನು ಒಂದೊಂದಾಗಿ ಕೂಡಿಹಾಕಿದರು, 1924ರಲ್ಲಿ ಪುಸ್ತಕವಾಯಿತು. 1949ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಮ್ಮ ಅಜ್ಜಿ ಅವರ ಹೆಸರು ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು, ಸಣ್ಣದೊಂದು ಅನುಮಾನವೂ. ಪಾದ್ರಿಗೆ ಸರ್ವಜ್ಞನ ಗೊಡವೆ ಯಾಕೆ ಎಂಬುದು.

"ಸರ್ವಜ್ಞನ್ನ ಹುಡುಕಾಕ ಅವರಿಗೆ ಯಾವ ಸಿನೊಡ್ ಹೇಳಿತ್ತು?" ಎಂದರು ಅಯ್ನೋರು ಕತ್ತಲಲ್ಲಿ. "ಯಾರೂ ಹೇಳಿಲ್ಲ. ತಲಾಂತು ಅನ್ನೂದು ಹಂಗ. ಕೊಟ್ಟಾಂವ ಎಷ್ಟ ಕೊಟ್ಟೆ ಅಂತ ಹೇಳ್ತಾನ. ಏನ್ ವ್ಯಾಪಾರಾ ಮಾಡು ಅಂತ ಹೇಳೂದಿಲ್ಲ." ಐದು, ಎರಡು, ಒಂದು ತಲಾಂತಿನ ಆ ಸಾಮ್ಯವನ್ನು ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೇನೆ, ಈ ಮಾತು ಕೇಳಿರಲಿಲ್ಲ. ಹಾಗೇ ಬೈಗುಳವೊಂದನ್ನೂ ಕೇಳಿರಲಿಲ್ಲ. "ನಾ ಒಂದು ಕಾಲದಾಗ ಏನ್ ವ್ಯಾಪಾರಾ ಮಾಡಬೇಕಂತ ಹೇಳಾಂವ ಇದ್ದೆ. ಕತ್ತಿ!" ತಮ್ಮನ್ನು ತಾವೇ ಬೈದುಕೊಂಡು ಆ ಕಡೆ ಹೊರಳಿದರು.

ಕೊರ್ಲಹಳ್ಳಿಯ ಸೇತುವೆ ಮೇಲೆ ಬಸ್ಸು ತುಂಗಭದ್ರೆ ದಾಟಿತು. ನೀರು ಅಲ್ಲಲ್ಲಿ ನಿಂತಿತ್ತು, ಬಂಡೆಗಳು ಬೆನ್ನು ಕಾಯಿಸಿಕೊಳ್ಳುತ್ತಿದ್ದವು. ಹಡಗಲಿ ಹತ್ತಿರವಾದಂತೆ ಮಲ್ಲಿಗೆ ತೋಟ. ಊರಿನ ಹೆಸರಿನಲ್ಲೇ ಹೂವಿದೆ. ಇಲ್ಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ನಾವು ಹೋದ ಮನೆ ಊರ ಹೊರಗೆ, ತೋಟದ ಅಂಚಿಗೆ. ಅಂಗಳದಲ್ಲಿ ಬೇವಿನ ಗಿಡ, ಅದರಡಿ ಒಂದು ಮೋಟರ್ ಸೈಕಲ್ಲು. ನಡು ಹಗಲು ಹನ್ನೆರಡೂವರೆ. ಮೆಟ್ಟಿಲ ಹತ್ತಿರ ಬಿಸಿಲಿನಲ್ಲಿ ಚಪ್ಪಲಿ ಬಿಟ್ಟು ಪಡಸಾಲೆ ಹತ್ತಿದೆವು.

ಹೂ ಕಟ್ಟುತ್ತಿದ್ದ ತಾಯಿ ಏಳಲು ಹೋದಳು, ಅಯ್ನೋರು ಬೇಡವೆಂದರು. ಎಡಗೈಯಲ್ಲಿ ನಾಲ್ಕು ಮೊಗ್ಗು ಎದುರುಬದುರು, ಬಲಗೈಯ ದಾರ ಒಂದು ಸುತ್ತು, ಒಂದು ಗಂಟು. ಮಾತಿನುದ್ದಕ್ಕೂ ಅದು ಮುಂದುವರಿಯಿತು. ಮಳೆ, ಸಕ್ಕರೆ ಕಾಯಿಲೆ, ಮಲ್ಲಿಗೆಯ ದರ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಫ್ಯಾನಿನ ಸದ್ದು.

"ಅದಾನೇನು?"

"ಅದಾನ್ರಿ."

ಅಯ್ನೋರು ಬಾಗಿಲಿನತ್ತ ನೋಡಲಿಲ್ಲ. ಮಜ್ಜಿಗೆ ಬಂತು. ಕುಡಿದರು. ಆಮೇಲೆ ಯಾರಿಗೆಂದಿಲ್ಲದೆ ಸ್ವಲ್ಪ ದನಿಯೆತ್ತಿ, ಬೆಟಗೇರಿಯ ಪೇಟಿಯ ವಿಷಯ ಹೇಳಿದರು. ಉದುಬತ್ತಿಯ ಹೊಗೆ ಓಡಿದ್ದು. ಆಯಿ ಒತ್ತಕ್ಷರದ ಮೇಲೆ ಸಿಟ್ಟಾದದ್ದು. ತಾಯಿ ನಕ್ಕಳು. ಫ್ಯಾನಿನ ಸದ್ದು ನಿಂತಿತು. ಕರೆಂಟು ಹೋಗಿತ್ತೋ ಏನೋ. ಅರ್ಧ ತಾಸು ಹೀಗೇ. ಪ್ರಾರ್ಥನೆ ಮಾಡುವುದಕ್ಕೆಂದು ನಾವು ಮೂವರೂ ಹಿತ್ತಲ ಕಡೆಯ ಕಟ್ಟೆಗೆ ಎದ್ದುಹೋದೆವು, ತಾಯಿಗೆ ನೆಲದ ಮೇಲೆ ಕಾಲು ಮಡಚಲು ಆಗುವುದಿಲ್ಲ. ಪ್ರಾರ್ಥನೆ ಎರಡೇ ಮಾತಿನದು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವರೇ ಹೇಳಿದರು. ಹನ್ನೊಂದು ವರ್ಷದ ಹಿಂದೆ ಆ ಹುಡುಗನಿಗೆ ಸರ್ಕಾರಿ ನೌಕರಿಯ ಕಾಗದ ಬಂದಿತ್ತು. ಒಳ್ಳೆಯ ಕಂಠ, ಬುದ್ಧಿವಂತ. ಅಯ್ನೋರು ಬಂದು ಕೂತು, ನಿನಗೆ ದೇವರ ಕರೆ ಇದೆ, ನೌಕರಿ ಯಾರಾದರೂ ಮಾಡುತ್ತಾರೆ ಎಂದರು. ಹುಡುಗ ನಂಬಿದ. ದೇವಶಾಸ್ತ್ರ ಓದಲು ಹೋದವನು ಎರಡನೇ ವರ್ಷಕ್ಕೆ ಬಿಟ್ಟು ಬಂದ. ಅಷ್ಟರಲ್ಲಿ ನೌಕರಿಯ ವಯಸ್ಸು ಮೀರಿತ್ತು.

"ಕನಸು ಅವಂದಲ್ಲ ಯವ್ವಾ. ನಂದು. ನನ್ನ ಮಗ ಪಾದ್ರಿ ಆಗ್ಲಿಲ್ಲ, ಬೆಂಗಳೂರಿಗೆ ಹೋದ. ಆ ಅಂಗಿ ಇವಗ ತೊಡಸಾಕ ಹೋದೆ. ಇವಗ ಏನ್ ಬೇಕಾಗಿತ್ತು ಅಂತ ನಾ ಒಂದಿನಾನೂ ಕೇಳಿಲ್ಲ."

ರಿಜಿಸ್ಟರು ಶುರುವಾದದ್ದು ಆಮೇಲೆ. ಕೇಳುವುದು, ಅವರ ಮಾತಿನಲ್ಲೇ ಬರೆಯುವುದು, ತನ್ನದೊಂದು ಪದ ಸೇರಿಸದಿರುವುದು, ಎಲ್ಲ ಆ ಬಾಗಿಲ ಹೊರಗೆ ಕಲಿತದ್ದು.

ಆದರೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುವ ಮುಂಚೆ, ಅಂಗಳದಲ್ಲಿ ನಡೆದದ್ದೊಂದಿದೆ. ಕಟ್ಟೆಯಿಂದ ಸುತ್ತಿ ಮುಂದಿನ ಮೆಟ್ಟಿಲಿಗೆ ಬಂದಾಗ ನಮ್ಮ ಚಪ್ಪಲಿ ಅಲ್ಲಿರಲಿಲ್ಲ. ನಾಯಿ ಒಯ್ದಿತೆಂದು ನಾನು ಹುಡುಕತೊಡಗಿದೆ. ಬೇವಿನ ಗಿಡದ ಬುಡದಲ್ಲಿದ್ದವು, ಎರಡೂ ಜೋಡಿ, ನೆರಳಿನಲ್ಲಿ, ತುದಿ ರಸ್ತೆಯ ಕಡೆಗೆ. ಬರಿಗಾಲಲ್ಲಿ ಬಿಸಿನೆಲದ ಮೇಲೆ ಪುಟುಪುಟು ಹೆಜ್ಜೆಯಿಟ್ಟು ಅಯ್ನೋರು ಅಲ್ಲಿಗೆ ಹೋದರು. ತಾಯಿ ಇಡೀ ಹೊತ್ತು ನಮ್ಮ ಜೊತೆಗೇ ಇದ್ದಳು. ಒಳಕೋಣೆಯ ಬಾಗಿಲು ಮೊದಲಿನಂತೆಯೇ ಮುಚ್ಚಿತ್ತು. ಮೋಟರ್ ಸೈಕಲ್ಲು ಇರಲಿಲ್ಲ.

ಬಸ್ಸು ಬಿಟ್ಟ ಮೇಲೆ ಅವರು ಪಿನ್ನು ಬಿಚ್ಚಿ ರಿಜಿಸ್ಟರು ತೆಗೆದರು. ಮೊದಲನೆಯ ಹಾಳೆ. ಎಡಗಡೆಯ ಪುಟ ಪೂರ್ತಿ ಖಾಲಿ, ಊರಿನ ಹೆಸರೊಂದು ಬಿಟ್ಟರೆ. ಬಲಗಡೆ ದಿನಾಂಕಗಳು, ಒಂದರ ಕೆಳಗೊಂದು, ಹಾಳೆಯ ಮುಕ್ಕಾಲು ತನಕ, ಪಕ್ಕದಲ್ಲಿ ಏನೂ ಇಲ್ಲ. ಬಸ್ಸಿನ ಕುಲುಕಾಟಕ್ಕೆ ಹೊಂದಿಕೊಂಡು ಇವತ್ತಿನ ತಾರೀಖು ಬರೆದರು. ಪೆನ್ನಿನ ಟೊಪ್ಪಿಗೆ ಹಾಕಿದರು. ಸೇತುವೆ ಬಂತು. ಟೊಪ್ಪಿಗೆ ಮತ್ತೆ ತೆಗೆದು, ತಾರೀಖಿನ ಮುಂದೆ ಗುಂಡಗೆ ಬರೆದರು: ಚಪ್ಪಲಿ.